ಅಡುಗೆಮನೆಗೆ ರಜೆ, ಮೇಜಿನ ಮೇಲೆ ಗೂಡುದೀಪ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿರುವುದು ಒಂದೇ ಮೇಜು. ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು, ಊಟ, ಮಕ್ಕಳ ಹೋಂವರ್ಕು, ಬಟ್ಟೆಗಳ ಇಸ್ತ್ರಿ ಎಲ್ಲವೂ ಸರದಿಯಂತೆ ಅದರ ಮೇಲೆಯೇ ನಡೆಯಬೇಕು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಏನಾದರೂ ಮಾಡೋಣವೆಂದು ಕಾಗದ, ಕತ್ತರಿ ಹರಡಿದರೆ ಅರ್ಧ ಗಂಟೆಯೊಳಗೆ ಒಲೆಯ ಕಡೆಯಿಂದ ಕರೆ ಬರುತ್ತದೆ, ಹರಡಿದ್ದನ್ನೆಲ್ಲ ಎತ್ತಿಡಬೇಕಾಗುತ್ತದೆ, ಹಾಗೆ ಎತ್ತಿಟ್ಟ ಕೆಲಸವನ್ನು ಮಕ್ಕಳು ಮತ್ತೆ ಅದೇ ಹುರುಪಿನಿಂದ ಕೈಗೆತ್ತಿಕೊಳ್ಳುವುದಿಲ್ಲ. ಆದ್ದರಿಂದ ಕೈಕೆಲಸದ ದಿನ ಅಡುಗೆಮನೆಗೆ ಪೂರ್ತಿ ರಜೆ ಎಂಬ ನಿಯಮವನ್ನು ನಾವು ಮಾಡಿಕೊಂಡಿದ್ದೇವೆ. ಬೆಳಗಿನ ತಿಂಡಿ ಮುಂಬಯಿಯ ಮಾಟುಂಗದಲ್ಲಿ, ಮಧ್ಯಾಹ್ನಕ್ಕೆ ಹಿಂದಿನ ರಾತ್ರಿಯೇ ಕಲಸಿಟ್ಟ ಮೊಸರನ್ನ, ಸಂಜೆಯವರೆಗೆ ಮೇಜು ಮಕ್ಕಳದ್ದು. ದೀಪಾವಳಿಗೆ ಮುಂಚಿನ ಭಾನುವಾರಗಳಲ್ಲಿ ಗೂಡುದೀಪ ಕಟ್ಟುವುದು ಈ ಏರ್ಪಾಡಿನಿಂದಲೇ ಸಾಧ್ಯವಾಗಿದೆ.

ಹೊರಡುವ ಹೊತ್ತನ್ನು ನಿರ್ಧರಿಸುವವರು ನಾವಲ್ಲ, ರೈಲ್ವೆಯವರು. ಸೆಂಟ್ರಲ್ ಲೈನಿನಲ್ಲಿ ಭಾನುವಾರ ಸಾಮಾನ್ಯವಾಗಿ ಬೆಳಿಗ್ಗೆ 11ರ ಸುಮಾರಿನಿಂದ ಮಧ್ಯಾಹ್ನ 4ರ ಸುಮಾರಿನವರೆಗೆ ಮೆಗಾಬ್ಲಾಕ್, ಅಂದರೆ ದುರಸ್ತಿಗಾಗಿ ಕೆಲವು ಹಳಿಗಳನ್ನು ಮುಚ್ಚುವುದು, ಇರುತ್ತದೆ; ಮಾಟುಂಗ ಮತ್ತು ಮುಲುಂಡ್ ನಡುವಿನ ಹಳಿಗಳ ಪಾಳಿ ಬಂದಾಗ ಗಾಡಿಗಳನ್ನು ಬೇರೆ ಹಳಿಗೆ ತಿರುಗಿಸುವುದರಿಂದ ಎಲ್ಲವೂ ತಡವಾಗಿ ಓಡುತ್ತವೆ. ಶನಿವಾರವೇ ಪ್ರಕಟಣೆಯನ್ನು ನೋಡಿಕೊಂಡು, ಬ್ಲಾಕ್ ಆರಂಭವಾಗುವ ಮೊದಲೇ ಮನೆಗೆ ಮರಳುವಂತೆ ಬೆಳಗಿನ ಸ್ಲೋ ಲೋಕಲ್ ಹಿಡಿಯುತ್ತೇವೆ. ಫಾಸ್ಟ್ ಗಾಡಿ ಮಾಟುಂಗದಲ್ಲಿ ನಿಲ್ಲುವುದಿಲ್ಲ. ಆದರೆ ಭಾನುವಾರ ಬೆಳಗಿನ ಸ್ಲೋ ಗಾಡಿಯಲ್ಲಿ ಮಕ್ಕಳಿಗೆ ಕಿಟಕಿ ಸಿಗುತ್ತದೆ, ವಾರದ ಉಳಿದ ದಿನಗಳಲ್ಲಿ ಇದು ಕನಸಿನ ಮಾತು. 2017ರಿಂದ ಮಾಟುಂಗ ಸ್ಟೇಷನ್ನನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಯೇ ನಡೆಸತೊಡಗಿದರೆಂಬುದು ನನ್ನ ಮಗಳಿಗೆ ಬಹಳ ಹೆಮ್ಮೆಯ ವಿಷಯ. ಅಲ್ಲಿ ಇಳಿದಾಗಲೆಲ್ಲ ತಮ್ಮನಿಗೆ ಅದನ್ನು ನೆನಪಿಸದೆ ಬಿಡುವುದಿಲ್ಲ.

ಮಾಟುಂಗದಲ್ಲಿ ಎಲ್ಲಿ ತಿನ್ನಬೇಕೆಂಬ ಪ್ರಶ್ನೆಗೆ ಆ ದಿನದ ಕೆಲಸವನ್ನು ನೋಡಿ ಉತ್ತರಿಸಬೇಕು. ಕಾರ್ಕಳದ ಕಡೆಯಿಂದ ಬಂದ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಸ್ಟೇಷನ್ನಿನ ಪಕ್ಕದಲ್ಲೇ, ಮೊದಲ ಮಹಡಿಯಲ್ಲಿದೆ. ಅಲ್ಲಿಯ ಬಾಳೆಲೆ ಊಟದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಭಾನುವಾರ ಅಲ್ಲಿ ಪಾಳಿಗಾಗಿ ಕಾಯಬೇಕು, ಅದಕ್ಕಿಂತ ಹೆಚ್ಚಾಗಿ ಸಾರು, ಹುಳಿ, ಪಾಯಸದ ಊಟ ಮುಗಿಸಿ ಬಂದವರ ಕೈಯಲ್ಲಿ ಬಿದಿರು ನಿಲ್ಲುವುದಿಲ್ಲ, ಕಣ್ಣಲ್ಲಿ ನಿದ್ದೆ ನಿಲ್ಲುತ್ತದೆ. ಬೋರ್ಡಿಂಗ್ ಊಟಕ್ಕೆ ಬೇರೆಯೇ ಒಂದು ಭಾನುವಾರ ಬೇಕು. ಗೂಡುದೀಪದ ದಿನಕ್ಕೆ ತಿಂಡಿಯ ಹೋಟೆಲುಗಳೇ ಸರಿ. 1939ರ ರಾಮ ಆಶ್ರಯವಾಗಲಿ, 1940ರಲ್ಲಿ ಕಾಮತರು ಆರಂಭಿಸಿದ ಕೆಫೆ ಮದ್ರಾಸ್ ಆಗಲಿ, ಬೆಳಿಗ್ಗೆ ಬೇಗ ಹೋದರೆ ಎರಡರಲ್ಲೂ ಜಾಗ ಸಿಗುತ್ತದೆ. ಒಂಬತ್ತು ಗಂಟೆ ದಾಟಿದರೆ ಕೆಫೆ ಮದ್ರಾಸಿನ ಎದುರಿನ ಫುಟ್‌ಪಾತಿನಲ್ಲಿ ಹೆಸರು ಬರೆಸಿ ನಿಂತವರ ಗುಂಪು ನೋಡಿಯೇ ಮಕ್ಕಳಿಗೆ ಹಸಿವು ಇಮ್ಮಡಿಸುತ್ತದೆ.

ರಾಮ ಆಶ್ರಯದಲ್ಲಿ ನಾಲ್ವರು ಒಂದೇ ಮೇಜಿಗೆ ಕೂರಬೇಕೆಂದು ಹಟ ಹಿಡಿಯಬಾರದು. ಅಪರಿಚಿತರೊಂದಿಗೆ ಮೇಜು ಹಂಚಿಕೊಂಡರೆ ಬೇಗ ಮುಗಿಯುತ್ತದೆ. ನನಗೆ ಅಲ್ಲಿ ಇಷ್ಟವಾದದ್ದು ಅನಾನಸು ಶೀರಾ. ರವೆಯ ಒಂದೊಂದು ಕಾಳೂ ತುಪ್ಪದಲ್ಲಿ ಬಿಡಿಬಿಡಿಯಾಗಿ ಅರಳಿರುತ್ತದೆ, ಹಣ್ಣಿನ ಹೋಳಿನ ಹುಳಿ ನಾಲಿಗೆಗೆ ತಾಗುವ ಹೊತ್ತಿಗೆ ಸಿಹಿ ಹದಕ್ಕೆ ಬರುತ್ತದೆ. ಕೆಫೆ ಮದ್ರಾಸಿನಲ್ಲಿ ಮಗನಿಗೆ ರಾಗಿ ದೋಸೆ, ನಮ್ಮ ಮನೆಯವರಿಗೆ ರಸಂ ವಡೆ, ಇದರಲ್ಲಿ ಬದಲಾವಣೆಯಿಲ್ಲ. ಮಂಡಿನೋವಿನಿಂದಾಗಿ ರೈಲಿನ ಮೆಟ್ಟಿಲು ಹತ್ತಲಾರದ ಅತ್ತೆಯವರಿಗೆ ಪಾರ್ಸೆಲ್ ಕಟ್ಟಿಸುವಾಗ ದೋಸೆಯನ್ನು ಬಿಟ್ಟುಬಿಡಬೇಕು. ಡೊಂಬಿವಲಿ ತಲುಪುವಷ್ಟರಲ್ಲಿ ಅದು ಚರ್ಮದಂತಾಗುತ್ತದೆ. ಇಡ್ಲಿ ಮತ್ತು ಶೀರಾ ಮಾತ್ರ ಲೋಕಲ್ ಪ್ರಯಾಣವನ್ನು ತಾಳುತ್ತವೆ. ಬಡಿಸುವವರು ಕನ್ನಡದವರೆಂದು ಗೊತ್ತಾದರೆ ಮನೆಯವರು ಊರು ಯಾವುದೆಂದು ವಿಚಾರಿಸದೆ ಏಳುವುದಿಲ್ಲ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಒಂದು ತಲೆಮಾರೇ ಈ ನಗರದಲ್ಲಿದೆ, ನಮ್ಮ ಮಾವನವರೂ ಆ ಪೈಕಿಯವರು. ಮಕ್ಕಳಿಗೆ ಈ ಸಂಗತಿಯನ್ನು ಹೇಳಲು ತಿಂಡಿಯ ಮೇಜಿಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ತಿಂಡಿಯಾದ ಮೇಲೆ ಮಾರುಕಟ್ಟೆ. ಸಾಂಬಾರು ಸೌತೆ, ಕೆಸುವಿನ ಎಲೆ, ಬಾಳೆಲೆಗಳಿಗಾಗಿ ಹೋದವರು ಮಲ್ಲಿಗೆಯನ್ನೂ ತಂದೇ ತರುತ್ತೇವೆ. ಗೂಡುದೀಪಕ್ಕೆ ಇಲ್ಲಿಂದ ಬೇಕಾಗುವುದು ಗಟ್ಟಿಯಾದ ಹತ್ತಿ ನೂಲಿನ ಉಂಡೆಯೊಂದೇ. ಬಿದಿರನ್ನು ನಮ್ಮ ಊರಿನಲ್ಲೇ ಬುಟ್ಟಿ, ಮೊರ ಹೆಣೆಯುವ ಬುರುಡರ ಬಳಿ ತೆಗೆದುಕೊಳ್ಳುತ್ತೇವೆ. ಪತಂಗದ, ಅಂದರೆ ಗಾಳಿಪಟದ ಕಾಗದವನ್ನು ಮಾತ್ರ ಜನವರಿಯಲ್ಲಿ, ಸಂಕ್ರಾಂತಿಯ ಹೊತ್ತಿಗೇ ಕೊಂಡು ಹಾಸಿಗೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿರುತ್ತೇವೆ, ಏಕೆಂದರೆ ಅಕ್ಟೋಬರಿನಲ್ಲಿ ಎಲ್ಲ ಬಣ್ಣಗಳೂ ಸಿಗುವುದಿಲ್ಲ. ಹಳದಿ, ಕಿತ್ತಳೆ, ಗುಲಾಬಿ ಬಣ್ಣಗಳಲ್ಲಿ ಬೆಳಕು ಚೆನ್ನಾಗಿ ಹಾಯುತ್ತದೆ. ಕಡುನೀಲಿ ಹಗಲಿಗೆ ಅಂದ, ರಾತ್ರಿ ಕತ್ತಲೆ.

ಈಗ ಕಟ್ಟುವ ಬಗೆ. ಸಮ ಅಳತೆಯ ಆರು ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿದರೆ ನಮ್ಮ ಗೂಡುದೀಪದ ಹಂದರವಾಗುತ್ತದೆ. ಒಂದೊಂದು ಚೌಕದ ಬದಿ 8 ಇಂಚು. ಕಟ್ಟಲು ತುದಿಗಳಲ್ಲಿ ಸ್ವಲ್ಪ ಬಿಟ್ಟುಕೊಂಡು ಎಂಟೂವರೆ ಇಂಚಿನ 24 ಕಡ್ಡಿಗಳನ್ನು, ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟಲು ಒಂದು ಅಡಿಯ 6 ಕಡ್ಡಿಗಳನ್ನು ಕತ್ತರಿಸಿಕೊಳ್ಳಬೇಕು. ಎಲ್ಲ ಸೇರಿ 23 ಅಡಿ, ಮುರಿಯುವುದಕ್ಕೆಂದು ಇನ್ನಷ್ಟು. ಸೀಳಿದ ಬಿದಿರಿನ ಅಂಚು ಬ್ಲೇಡಿನಂತಿರುವುದರಿಂದ ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿ ಕಡ್ಡಿಯನ್ನೂ ಉಪ್ಪುಕಾಗದದಿಂದ ಉಜ್ಜಬೇಕು. ಈ ಕೆಲಸ ಮನೆಯವರದ್ದು, ಅವರು ಅದನ್ನು ಹಿಂದಿನ ರಾತ್ರಿಯೇ ಟಿವಿ ನೋಡುತ್ತ ಮುಗಿಸಿಬಿಡುತ್ತಾರೆ.

ಆರು ಚೌಕಗಳಾದ ಮೇಲೆ ನಾಲ್ಕನ್ನು ಮೂಲೆ ಮೇಲಾಗಿ ನಿಲ್ಲಿಸಿ, ಒಂದರ ಬದಿಯ ಮೂಲೆಯನ್ನು ಇನ್ನೊಂದರ ಬದಿಯ ಮೂಲೆಗೆ ಸುತ್ತಲೂ ಕಟ್ಟುತ್ತ ಬಳೆಯಂತೆ ಕೂಡಿಸಬೇಕು. ಐದನೆಯ ಚೌಕವನ್ನು ಅಡ್ಡಲಾಗಿ ಮೇಲಿಟ್ಟರೆ ಅದರ ನಾಲ್ಕು ಮೂಲೆಗಳು ಕೆಳಗಿನವುಗಳ ನಾಲ್ಕು ತಲೆಗಳಿಗೆ ಸರಿಯಾಗಿ ಕೂರುತ್ತವೆ. ಆರನೆಯದು ತಳಕ್ಕೆ. ಚೌಕಗಳ ನಡುವೆ ತಾನಾಗಿಯೇ ಎಂಟು ತ್ರಿಕೋನಗಳು ಮೂಡುತ್ತವೆ. ಇದನ್ನು ಮೊದಲೇ ಹೇಳದೆ ಎಣಿಸಲು ಬಿಟ್ಟರೆ ಮಕ್ಕಳಿಗೆ ಸ್ವಾರಸ್ಯ. ಕಟ್ಟುವ ಜಾಗ ಒಟ್ಟು ಹನ್ನೆರಡು. ಅಲ್ಲಿ ಅತ್ತೆಯವರ ಕೈಯೇ ಬೇಕು. ಹೂ ಕಟ್ಟಿ ಪಳಗಿದ ಆ ಬೆರಳುಗಳು ನೂಲನ್ನು ಅಂಟಿನಲ್ಲಿ ಅದ್ದಿ, ಮೂಲೆಗೆ ಅಡ್ಡಡ್ಡ ಎರಡು ಸುತ್ತು, ನಡುವೆ ಒಂದು ಸುತ್ತು ಹಾಕಿ, ತುದಿಯನ್ನು ಹಲ್ಲಿನಿಂದ ಎಳೆದು ಬಿಗಿಯುತ್ತವೆ. ಅಂಟು ಒಣಗಿದ ಮೇಲೆ ಆ ಗಂಟು ಜಪ್ಪಯ್ಯ ಅಂದರೂ ಜಾರುವುದಿಲ್ಲ.

ಇಷ್ಟಾದರೂ ಹಂದರ ಎತ್ತಿದ ಕೂಡಲೇ ಒಂದು ಕಡೆಗೆ ವಾಲುತ್ತದೆ. “ಅಜ್ಜೀ, ಇದು ನಿಲ್ಲುವುದೇ ಇಲ್ಲ” ಎಂದು ಮಗ ರಾಗ ಎಳೆಯುವುದೂ, “ನಿಲ್ಲುತ್ತದೆ ಮಗಾ, ಓರೆಕಡ್ಡಿ ಎಲ್ಲಿ?” ಎಂದು ಅವರು ಕೇಳುವುದೂ ಪ್ರತಿವರ್ಷದ ಮಾತು. ಕಾರಣ ಸರಳವಾಗಿದೆ: ನೂಲಿನ ಗಂಟು ತಿರುಗುವುದರಿಂದ ಚೌಕ ಯಾವ ಕಡೆಗಾದರೂ ಓರೆಯಾಗಬಲ್ಲದು, ತ್ರಿಕೋನ ಆಗಲಾರದು. ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಒಂದೊಂದು ಕಡ್ಡಿ ಬಿದ್ದೊಡನೆ ಎಲ್ಲವೂ ತ್ರಿಕೋನಗಳಾಗಿ, ಆರನೆಯ ಕಡ್ಡಿಯನ್ನು ಕಟ್ಟಿದಾಗ ಹಂದರ ಒಮ್ಮೆಲೇ ಗಟ್ಟಿಯಾಗುತ್ತದೆ. ಕೈಯಲ್ಲಿ ಹಿಡಿದವರಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಮಗಳು ಶಾಲೆಯಲ್ಲಿ ಕಲಿತ ರೇಖಾಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನಂತೂ ಕಾಣೆ. ಮೇಲಿನ ಚೌಕದ ಓರೆಕಡ್ಡಿಗೆ ಇನ್ನೊಂದು ಉಪಯೋಗವಿದೆ, ಬಲ್ಬಿನ ಹೋಲ್ಡರ್ ತೂಗುವುದು ಅದಕ್ಕೇ.

ಅಂಟಿಗೆ ಮೈದಾ ಸಾಕು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಹೊಳಪು ಬರುವವರೆಗೆ ಕುದಿಸಿ ಆರಿಸಬೇಕು; ಅಡುಗೆಮನೆಯ ರಜೆಗೆ ಇದೊಂದು ವಿನಾಯಿತಿ. ಹುಳ ಬರದಿರಲೆಂದು ಹಿರಿಯರು ಮೈಲುತುತ್ತು ಹಾಕುತ್ತಿದ್ದರು, ಅದು ವಿಷವಾದ್ದರಿಂದ ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ ಬೇಡ. ಕಾಗದವನ್ನು ಹಂದರದ ಅಳತೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ, ಅಂಟನ್ನು ಕಾಗದಕ್ಕೆ ಬಳಿಯದೆ ಕಡ್ಡಿಗೆ ಬಳಿದು, ಅಂಚನ್ನು ಒಳಕ್ಕೆ ಮಡಚಬೇಕು. ಅಂಟು ಹೆಚ್ಚಾದರೆ ಗುಲಾಬಿ ಬಣ್ಣ ಇಳಿದು ಪಕ್ಕದ ಹಳದಿಗೆ ಹತ್ತುತ್ತದೆ. ಬದಿಯ ನಾಲ್ಕು ಚೌಕಗಳಿಗೆ ಒಂದು ಬಣ್ಣ, ಎಂಟು ತ್ರಿಕೋನಗಳಿಗೆ ಇನ್ನೊಂದು. ಮೇಲಿನ ಮತ್ತು ತಳದ ಚೌಕಗಳನ್ನು ತೆರೆದೇ ಬಿಟ್ಟರೆ ಬಿಸಿ ಮೇಲಕ್ಕೆ ಹೋಗುತ್ತದೆ, ಬಲ್ಬು ಬದಲಿಸಲು ಕೆಳಗಿನಿಂದ ಕೈ ಹೋಗುತ್ತದೆ. ತಳದ ನಾಲ್ಕು ಮೂಲೆಗಳಿಗೆ ಕಾಗದದ ಉದ್ದನೆಯ ಬಾಲಗಳು. ಅವುಗಳ ತುದಿಯನ್ನು ಜಾಲರಿಯಂತೆ ಕತ್ತರಿಸುವುದಕ್ಕೆ ಮಗ ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಇಷ್ಟು ಹೊತ್ತೂ ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಪತಂಗದ ಕಾಗದ ಮನೆಯ ತುಂಬ ಹಾರಾಡುತ್ತದೆ. ಮಳೆ ಹಿಂದೆ ಸರಿದ ಮೇಲಿನ ಅಕ್ಟೋಬರ್ ಮುಂಬಯಿಗೆ ಎರಡನೆಯ ಬೇಸಗೆ. ಸೆಕೆ ತಡೆಯಲಾರದೆ ಎಲ್ಲರೂ ಎದ್ದು ಬಿಡುವ ಹೊತ್ತಿಗೇ ಮೊಸರನ್ನಕ್ಕೆ ಕರೆಯುತ್ತೇನೆ. ಮೇಜು ಮುಟ್ಟದೆ ನೆಲದ ಮೇಲೆ, ಮಾಟುಂಗದಿಂದ ತಂದ ಬಾಳೆಲೆಯ ತುಂಡಿನಲ್ಲಿ ಬಡಿಸಿದರೆ ತೊಳೆಯುವ ಪಾತ್ರೆಯೂ ಉಳಿಯುತ್ತದೆ.

ದುಡ್ಡಿನ ಲೆಕ್ಕ ಹಾಕಿದರೆ ಇದು ಉಳಿತಾಯದ ದಾರಿ ಅಲ್ಲವೇ ಅಲ್ಲ. ರೈಲು, ತಿಂಡಿ, ಪಾರ್ಸೆಲ್ ಸೇರಿದರೆ ಬೀದಿಬದಿಯ ಪ್ಲಾಸ್ಟಿಕ್ ಕಂದೀಲು ಎಷ್ಟೋ ಅಗ್ಗ. ಕಾಗದ, ಬಿದಿರಿನದೇ ಬೇಕು, ಕಟ್ಟಲು ಪುರುಸೊತ್ತಿಲ್ಲ ಎನ್ನುವವರಿಗೆ ಮಾಹಿಮದ ಎಲ್.ಜೆ. ರಸ್ತೆಯ ಕಂದೀಲ್ ಗಲ್ಲಿ ಇದ್ದೇ ಇದೆ. ಕಟ್ಟುವವರೂ ಒಮ್ಮೆ ಹಬ್ಬಕ್ಕೆ ಮುಂಚೆ ಮಕ್ಕಳೊಂದಿಗೆ ಸಂಜೆ ಅಲ್ಲಿಗೆ ಹೋಗಿ ಬರಬೇಕು. ತಲೆಯ ಮೇಲೆ ತೂಗುವ ಅಷ್ಟೊಂದು ಆಕಾರಗಳನ್ನು ನೋಡಿ ಬಂದ ಮಕ್ಕಳಿಗೆ ಮುಂದಿನ ವರ್ಷಕ್ಕೆ ಏನು ಮಾಡಬೇಕೆಂದು ಹೇಳಿಕೊಡಬೇಕಾಗಿಲ್ಲ.

ತೂಗುಹಾಕುವಾಗ 5 ವ್ಯಾಟಿನ ಎಲ್‌ಇಡಿ ಬಲ್ಬನ್ನೇ ಬಳಸಬೇಕು, ಹಳೆಯ ತಂತಿಯ ಬಲ್ಬಿನ ಶಾಖಕ್ಕೆ ಕಾಗದ ಹೊತ್ತಿಕೊಳ್ಳಬಹುದು. ಬಲ್ಬು ಸರಿಯಾಗಿ ನಡುವೆ, ಯಾವ ಕಾಗದಕ್ಕೂ ತಾಗದಂತೆ ಇರಬೇಕು. ವೈರಿನ ಭಾರವನ್ನು ಓರೆಕಡ್ಡಿಯ ಮೇಲೆ ಬಿಡದೆ ಬಾಲ್ಕನಿಯ ಗ್ರಿಲ್ಲಿಗೆ ಬೇರೆಯಾಗಿ ಕಟ್ಟಬೇಕು. ರಾತ್ರಿಯ ಇಬ್ಬನಿಗೆ ಕಾಗದ ಸಡಿಲವಾದಂತೆ ಕಂಡರೂ ಬಿಸಿಲೇರಿದಾಗ ಮತ್ತೆ ಬಿಗಿಯಾಗುತ್ತದೆ. ನಮ್ಮ ಸೊಸೈಟಿಯ ಮಕ್ಕಳು ಅದೇ ದಿನಗಳಲ್ಲಿ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿ, ಹುಲ್ಲಿನಂತೆ ಹಸಿರಾಗಲೆಂದು ಅದರ ಇಳಿಜಾರಿಗೆ ಅಳವಿ ಬೀಜ ಎರಚುತ್ತಾರೆ. ನಮ್ಮವರಿಬ್ಬರೂ ಕಿಲ್ಲೆಯ ಕೆಲಸಕ್ಕೆ ಓಡಿಹೋಗುತ್ತಾರೆಂಬುದನ್ನು ಗಮನದಲ್ಲಿಟ್ಟುಕೊಂಡೇ ಗೂಡುದೀಪವನ್ನು ಒಂದು ವಾರ ಮೊದಲು ಮುಗಿಸುವುದು.

ತುಳಸಿ ಪೂಜೆಯಾದ ಮೇಲೆ ಕಾಗದ ಕಿತ್ತು ಹಂದರವನ್ನು ಮಾಳಿಗೆಗೆ ಸೇರಿಸುತ್ತೇವೆ. ಮರುವರ್ಷ ಸಡಿಲವಾದ ಗಂಟುಗಳನ್ನಷ್ಟೇ ಬದಲಿಸಿ ಹೊಸ ಕಾಗದ ಹಚ್ಚಬಹುದು, ಆದರೆ ಮಕ್ಕಳು ಪ್ರತಿಸಲವೂ ಹೊಸತನ್ನೇ ಕಟ್ಟಬೇಕೆನ್ನುತ್ತಾರೆ. ಈ ಸಲ ಬದಿಗೆ 12 ಇಂಚು ಇರಲೆಂಬುದು ಮಗಳ ಬೇಡಿಕೆ. ಆಗ ಇಡೀ ಹಂದರದ ಒಂದು ಮೂಲೆಯಿಂದ ಎದುರು ಮೂಲೆಗೆ ಅದರ ಎರಡರಷ್ಟು, ಅಂದರೆ 24 ಇಂಚು ಆಗುತ್ತದೆ, ಮಾಳಿಗೆಯ ಬಾಗಿಲು ಅಷ್ಟು ಅಗಲವಿಲ್ಲವೆಂದು ಅವಳ ಅಪ್ಪ ಟೇಪು ಹಿಡಿದು ತೋರಿಸಿದ್ದಾರೆ. ಹತ್ತು ಇಂಚಿಗೆ ಒಪ್ಪಂದವಾಗುವ ಲಕ್ಷಣವಿದೆ, ಬುರುಡರಿಗೆ ಬಿದಿರು ಹೇಳುವುದೊಂದು ಬಾಕಿ.