ಗೋವಿನಜೋಳದ ರಾಶಿ ಮತ್ತ ಶೆಲ್ ಮೆಥಡ್: ನನ್ನ ಅನುಭವ

ಹಾವೇರ್ಯಾಗ ಬಿಎಸ್ಸಿ ಹುಡುಗ್ರಿಗೆ ಗಣಿತ ಟ್ಯೂಷನ್ ಹೇಳ್ತೀನಿ. ವಕ್ರರೇಖಿ ಕೆಳಗಿನ ಜಾಗಾನ ಒಂದು ಗೆರಿ ಸುತ್ತ ತಿರುಗಿಸಿದ್ರ ಆಗೂ ಆಕಾರದ ಘನಫಲ ತಗಿಯೂದ್ರಾಗ, ಆಕಾರಾನ ಅಡ್ಡ ಬಿಲ್ಲಿಗಳಾಗಿ ಕೊಯ್ಯೂ ಡಿಸ್ಕ್ ಮೆಥಡ್ ತನಕ ಎಲ್ಲಾ ಸಲೀಸ ನಡೀತೈತಿ, ಒಂದರೊಳಗೊಂದು ಕೊಳವಿಯಂಗ ಭಾಗ ಮಾಡೂ ಶೆಲ್ ಬಂತಂದ್ರ ಹುಡುಗ್ರು 2 ಪೈ ಎಕ್ಸ್ ಎಫ್ ಆಫ್ ಎಕ್ಸ್ ಅಂತ ಉರು ಹೊಡದಿರ್ತಾರ, ಆ ಎಕ್ಸ್ ಅಲ್ಲಿ ಏನ್ ಕೆಲಸ ಮಾಡಾಕತ್ತೈತಿ ಅಂತ ಕೇಳಿದ್ರ ಸುಮ್ನಾಗಿಬಿಡ್ತಾರ. ಅದಕ್ಕ ಈಗ ನಾನು ಗೋವಿನಜೋಳದ ರಾಶಿಯಿಂದನ ಶುರು ಮಾಡ್ತೀನಿ, ನಂಗ ಇದು ತಲಿಗೆ ಹತ್ತಿದ್ದೂ ಅಲ್ಲೇ.

ನಮ್ಮೂರ ಕಣದಾಗ ತಾಡಪಾಲ್ ಮ್ಯಾಲೆ ರಾಶಿ ಹಾಕಿದ್ರು. ದೊಡ್ಡಪ್ಪ "ತಮ್ಮಾ, ಅಷ್ಟ್ ಓದೀಯಲ್ಲ, ಇದು ಎಷ್ಟ್ ಕ್ವಿಂಟಲ್ ಆಗ್ತೈತಿ ಹೇಳ್ ನೋಡೂಣು" ಅಂದ. ನಡುವಿನಿಂದ ಅಂಚಿಗೆ 2 ಮೀಟರ್, ನಡುವ ಎತ್ತರ 80 ಸೆಂಟಿಮೀಟರ್. ಶಂಕು ಅಂತ ಹಿಡದ್ರ 3.35 ಘನಮೀಟರ್ ಬರ್ತೈತಿ, ಆದ್ರ ಈ ರಾಶಿ ಶಂಕುವಿನಂಗ ನೆಟ್ಟಗ ಇಳದಿದ್ದಿಲ್ಲ, ಭುಜದ ಕಡೆ ಉಬ್ಬಿತ್ತು. ಡಿಸ್ಕ್ ಮಾಡ್ಬೇಕಂದ್ರ ಪ್ರತಿ ಎತ್ತರದಾಗ ಅಗಲ ಎಷ್ಟೈತಿ ಅಂತ ಬೇಕು, ಅಂದ್ರ ರಾಶೀನ ಅಡ್ಡ ಕೊಯ್ದಂಗ ಮಾಡ್ಬೇಕು, ಅದೆಲ್ಲಿ ಆಗ್ತೈತಿ. ಮ್ಯಾಲಿಂದ ಮೊಂಡ ತುದಿಯ ಸರಳು ಚುಚ್ಚಿದ್ರ ಅಲ್ಲಿನ ಎತ್ತರ ಸೀದಾ ಸಿಗ್ತೈತಿ, ಶೆಲ್‌ಗೆ ಬೇಕಾದ್ದೂ ಅದ.

ಅರ್ಧ ಮೀಟರ್ ಅಗಲದ ನಾಕು ಉಂಗುರ ಅಂತ ಭಾಗ ಮಾಡಿ, ಪ್ರತಿ ಉಂಗುರದ ನಟ್ಟನಡುವ, ಅಂದ್ರ 0.25, 0.75, 1.25, 1.75 ಮೀಟರ್ ದೂರದಾಗ ಚುಚ್ಚಿದ್ನಿ. ಎತ್ತರ 0.78, 0.62, 0.38, 0.12 ಬಂತು. ಒಂದೊಂದು ಉಂಗುರಾನೂ ಸುತ್ತಿ ನಿಲ್ಲಿಸಿದ ಚಾಪಿ ಇದ್ದಂಗ, ಬಿಚ್ಚಿ ಹಾಸಿದ್ರ ಉದ್ದ 2 ಪೈ ಆರ್ (ಆರ್ ಅಂದ್ರ ರಾಶಿ ನಡುವಿನಿಂದ ಸರಳಿಗೆ ಇರೂ ದೂರ), ಅಗಲ ಅಂದ್ರ ಎತ್ತರ ಎಚ್, ದಪ್ಪ ಅರ್ಧ ಮೀಟರ್. ಬಿಚ್ಚಿದ್ರ ಒಳಮೈ ಹೊರಮೈ ಉದ್ದ ಬ್ಯಾರೆ ಆಗ್ತಾವಲ್ಲ ಸರ್ ಅಂತ ಶ್ಯಾಣ್ಯಾ ಹುಡುಗ ಒಬ್ಬ ಕೇಳೇ ಕೇಳ್ತಾನ. ಆಗ್ತಾವ, ಆದ್ರ ನಡುವಿನ ತ್ರಿಜ್ಯ ತಗೊಂಡ್ರ ಉಂಗುರದ ಕ್ಷೇತ್ರಫಲದಾಗ ಒಂದು ಕಾಳೂ ತಪ್ಪಂಗಿಲ್ಲ, ಯಾಕಂದ್ರ ಹೊರ ತ್ರಿಜ್ಯ ಬಿ, ಒಳ ತ್ರಿಜ್ಯ ಎ ಅಂದ್ರ, ಬಿ ಸ್ಕ್ವೇರ್ ಮೈನಸ್ ಎ ಸ್ಕ್ವೇರ್ ಅನ್ನೂದು ಬಿ ಪ್ಲಸ್ ಎ ಇಂಟು ಬಿ ಮೈನಸ್ ಎ. ಅಂದಾಜು ಉಳಿಯೂದು ಎತ್ತರದಾಗ ಅಷ್ಟ.

ಈಗ ಆರ್ ಇಂಟು ಎಚ್ ಮಾಡ್ರಿ: 0.195, 0.465, 0.475, 0.21. ಇಲ್ಲೇ ನಾನು ನಿಂತ್ಕೊಂಡು ನೋಡಿದ್ದು. ನಡುವ 78 ಸೆಂಟಿಮೀಟರ್ ಎದ್ದು ನಿಂತ ಗುಡ್ಡದಕ್ಕಿಂತ ಅಂಚಿನಾಗ ಬರೇ 12 ಸೆಂಟಿಮೀಟರ್ ಹಾಸಿದ ಕಾಳು ಜಾಸ್ತಿ! ಫಾರ್ಮುಲಾದಾಗಿನ ಆ ಎಕ್ಸ್ ಮಾಡೂ ಕೆಲಸ ಇದ, ದೂರ ಹೋದಂಗೆಲ್ಲ ಸುತ್ತಳತೆ ಬೆಳಸ್ತೈತಿ. ಕೂಡ್ಸಿದ್ರ 1.345, 2 ಪೈ ಮತ್ತ ಅರ್ಧದ್ಲೆ ಗುಣಿಸಿದ್ರ 4.2 ಘನಮೀಟರ್ ಮ್ಯಾಲೆ ಸ್ವಲ್ಪ. ಒಣಗಿದ ಗೋವಿನಜೋಳ ಘನಮೀಟರ್‌ಗೆ ಸುಮಾರು 720 ಕೆಜಿ ತೂಗ್ತೈತಿ, ಅಂದ್ರ 30 ಕ್ವಿಂಟಲ್. ಶಂಕು ಲೆಕ್ಕ 24ಕ್ಕ ನಿಂತಿತ್ತು. ದೊಡ್ಡಪ್ಪ ಕಣ್ಣಂದಾಜಿನಾಗ ಮೂವತ್ತರ ಹತ್ರನ ಹೇಳಿದ್ದ ಬಿಡ್ರಿ, ಅವಂಗ ಯಾವ ಇಂಟಿಗ್ರಲ್ಲೂ ಬೇಕಾಗಿಲ್ಲ.

ಇಷ್ಟಾದ ಮ್ಯಾಲೆ ಪೆನ್ನು ಹಿಡಸ್ತೀನಿ. ವೈ ಈಕ್ವಲ್ಸ್ ಎಕ್ಸ್ ಮೈನಸ್ ಎಕ್ಸ್ ಕ್ಯೂಬ್, 0 ಯಿಂದ 1, ವೈ ಅಕ್ಷದ ಸುತ್ತ ತಿರುಗಿಸಿ ಘನಫಲ ತಗೀರಿ ಅಂತೀನಿ. ವಾಷರ್, ಅಂದ್ರ ನಡುವ ತೂತಿರೂ ಡಿಸ್ಕ್, ಹಚ್ಚಿದ್ರ ಕ್ಯೂಬಿಕ್ ಸಮೀಕರಣ ಬಿಡಿಸಿ ಎಕ್ಸ್ ತಗೀಬೇಕು, ಪರೀಕ್ಷಾ ಹಾಲ್‌ನಾಗ ಅದು ಮುಗಿಯೂ ಕೆಲಸ ಅಲ್ಲ. ಶೆಲ್ ಹಾಕಿದ್ರ ಒಳಗ ಎಕ್ಸ್ ಸ್ಕ್ವೇರ್ ಮೈನಸ್ ಎಕ್ಸ್ ಪವರ್ ನಾಕು, ಇಂಟಿಗ್ರೇಟ್ ಮಾಡಿದ್ರ ಮೂರನೇ ಒಂದು ಕಳಿ ಐದನೇ ಒಂದು, 2 ಪೈದ್ಲೆ ಗುಣಿಸಿದ್ರ ಉತ್ತರ 4 ಪೈ ಬೈ 15. ಅದನ್ನ ಎಕ್ಸ್ ಈಕ್ವಲ್ಸ್ 2 ಗೆರಿ ಸುತ್ತ ತಿರುಗಿಸ್ರಿ ಅಂದ್ರ ಎತ್ತರ ಹಂಗ ಇರ್ತೈತಿ, ತ್ರಿಜ್ಯ ಅಷ್ಟ 2 ಮೈನಸ್ ಎಕ್ಸ್ ಆಗ್ತೈತಿ, 11 ಪೈ ಬೈ 15 ಬರ್ತೈತಿ. ಸರಳು ಗೆರಿಯಿಂದ ಎಷ್ಟ್ ದೂರ ಐತಿ ಅಂತ ಕೇಳ್ಕೊಂಡ್ರ ಸಾಕು.

ಎಕ್ಸ್ ಅಕ್ಷದ ಸುತ್ತ ಬಂದ್ರ ಮಾತ್ರ ಶೆಲ್ ಹಟ ಬ್ಯಾಡ, ಅಲ್ಲಿ ಮತ್ತ ಅದ ಕ್ಯೂಬಿಕ್ ಅಡ್ಡ ಬರ್ತೈತಿ. ಡಿಸ್ಕ್ ಹಾಕಿ ಸ್ಕ್ವೇರ್ ಮಾಡ್ರಿ, 8 ಪೈ ಬೈ 105, ಎರಡ ಸಾಲಿನ್ಯಾಗ ಮುಗೀತು.