ಹಳಸಿದ್ದು ತಿಂದು ನಾಯಿಯ ಹೊಟ್ಟೆ ಕೆಟ್ಟಾಗ ನಾನು ಮಾಡುವುದು

ನಾಯಿ ಕಸಕ್ಕೆ ಬಾಯಿ ಹಾಕಿದ್ದು ಗೊತ್ತಾದರೆ ಮೊದಲು ಕಸವನ್ನೇ ಕೆದಕಿ ನೋಡುತ್ತೇನೆ. ಬರೀ ಹಳಸಿದ ಅನ್ನವೋ ಮಾಂಸವೋ ಆಗಿದ್ದರೆ ಒಂದೆರಡು ಸಲ ವಾಂತಿ, ಜೊತೆಗೆ ಭೇದಿ. ಬೆಳೆದ ನಾಯಿಗೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗೇ ಇಳಿಯುತ್ತದೆ. ಬೂಷ್ಟು ಹಿಡಿದ ಬ್ರೆಡ್ಡು, ಚೀಸು, ಕಾಳುಬೀಜ ಸಿಕ್ಕರೆ ಮಾತ್ರ ಕಾಯುವ ಹಾಗಿಲ್ಲ. ಬೂಷ್ಟಿನ ವಿಷ ನರಗಳಿಗೆ ತಟ್ಟಿ ಕೆಲವೇ ಗಂಟೆಗಳಲ್ಲಿ ಮೈನಡುಕ, ಫಿಟ್ಸ್ ತರಬಲ್ಲದು. ಮೂಳೆ, ಜೋಳದ ದಿಂಡು, ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಕಂಡರೂ ತಕ್ಷಣ ಪಶುವೈದ್ಯರಿಗೆ ಫೋನ್. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. ರಕ್ತದಲ್ಲಿ ಸೋಡಿಯಂ ಏರಿ ಅದೇ ಪ್ರಾಣಕ್ಕೆ ಬರುತ್ತದೆ.

ಸಾದಾ ಹೊಟ್ಟೆಕೆಡುಕಾದರೆ ಬೆಳೆದ ನಾಯಿಗೆ 12 ಗಂಟೆ ಊಟ ನಿಲ್ಲಿಸುತ್ತೇನೆ. ಮರಿಗಳಿಗೂ ತೀರಾ ಪುಟ್ಟ ತಳಿಗಳಿಗೂ ಈ ಉಪವಾಸ ಒಗ್ಗದು, ಸಕ್ಕರೆ ಅಂಶ ಕುಸಿಯುತ್ತದೆ. ನೀರು ನಿಲ್ಲಿಸಬಾರದು, ಆದರೆ ಬಟ್ಟಲು ತುಂಬಿ ಇಟ್ಟರೆ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. 10 ಕೆಜಿ ನಾಯಿಗೆ ಅರ್ಧ ಗಂಟೆಗೊಮ್ಮೆ ಎರಡು ಟೇಬಲ್ ಚಮಚ ಕೊಟ್ಟು, ಅದು ಹೊಟ್ಟೆಯಲ್ಲಿ ಉಳಿದರೆ ನಿಧಾನವಾಗಿ ಹೆಚ್ಚಿಸುತ್ತೇನೆ.

ನೀರಿನಂಶ ಇಳಿದಿದೆಯೇ ಎಂದು ಒಸಡು ಮುಟ್ಟಿ ನೋಡಬೇಕು. ಬೆರಳಿಗೆ ಜಾರಬೇಕು, ಅಂಟಬಾರದು. ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಕಪ್ಪಾಗಿರುವ ನಾಯಿಗಳಲ್ಲಿ ಬಣ್ಣ ತಿಳಿಯುವುದಿಲ್ಲ, ಅಂಟನ್ನೇ ನಂಬುತ್ತೇನೆ.

ವಾಂತಿ ನಿಂತ ಮೇಲೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿ ಒಂದು ಪಾಲು, ಮೆತ್ತಗಿನ ಬಿಳಿ ಅನ್ನ ಎರಡು ಪಾಲು. ಉಪ್ಪು, ಎಣ್ಣೆ, ಬೆಳ್ಳುಳ್ಳಿ ಇಲ್ಲ. ಮಾಮೂಲಿ ಒಂದು ಹೊತ್ತಿನ ಊಟದ ಕಾಲು ಭಾಗದಂತೆ ದಿನಕ್ಕೆ ನಾಲ್ಕೈದು ಸಲ. ಹಸಿವು ಮರಳಿತೆಂದು ಖುಷಿಯಲ್ಲಿ ತಟ್ಟೆ ತುಂಬಿಸುವವರೇ ಹೆಚ್ಚು, ಮಾರನೆಯ ದಿನ ಭೇದಿ ಮರುಕಳಿಸುವುದೂ ಅದಕ್ಕೇ. ಎರಡು ದಿನದ ನಂತರ ಹಳೆಯ ಆಹಾರವನ್ನು ನಾಲ್ಕೈದು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ ಬರುತ್ತೇನೆ.

ಮನುಷ್ಯರ ಭೇದಿ ಮಾತ್ರೆ, ನೋವಿನ ಮಾತ್ರೆ ಮುಟ್ಟುವುದಿಲ್ಲ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಭೇದಿ ನಿಲ್ಲಿಸುವ ಲೋಪರಮೈಡ್ ಕೋಲಿ ಜಾತಿಯ ಕೆಲವು ನಾಯಿಗಳ ಮೆದುಳಿಗೇ ಹೋಗುತ್ತದೆ.

ರಕ್ತ ಬೆರೆತ ಮಲ, ನೀರೂ ನಿಲ್ಲದ ವಾಂತಿ, 39.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಕಂಡರೆ ಆಸ್ಪತ್ರೆಗೆ. ಹೊಟ್ಟೆ ಉಬ್ಬಿ, ಏನೂ ಹೊರಬಾರದೆ ಓಕರಿಸುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು, ಆ ಗಳಿಗೆಯಲ್ಲೇ ಹೊರಡಬೇಕು. ಲಸಿಕೆ ಪೂರ್ತಿಯಾಗದ ಮರಿಯನ್ನು ಮೊದಲ ವಾಂತಿಗೇ ತೋರಿಸುತ್ತೇನೆ, ಮರಿಗಳ ಪ್ರಾಣ ತೆಗೆಯಬಲ್ಲ ವೈರಸ್ ರೋಗ ಪಾರ್ವೋ ಶುರುವಾಗುವುದೂ ಹೀಗೇ.

ಭೇದಿ ನಿಂತ ಬಳಿಕ ಒಂದೆರಡು ದಿನ ಮಲವಿಸರ್ಜನೆ ಆಗದಿದ್ದರೆ ಗಾಬರಿ ಬೇಡ. ಕರುಳು ಖಾಲಿಯಾಗಿರುತ್ತದೆ, ತುಂಬಲು ಹೊತ್ತು ಬೇಕು.