ಟೇಪು ಹಿಡಿದುಕೊಂಡು ಸಭಾಂಗಣ ನೋಡಲು ಹೋಗಿ

ಸಭಾಂಗಣದವರಿಗೆ ಫೋನ್ ಮಾಡಿ "ಗಾಲಿಕುರ್ಚಿ ಬರಲು ಅನುಕೂಲವಿದೆಯೇ?" ಎಂದು ಕೇಳಿದರೆ "ಇದೆ, ರ‍್ಯಾಂಪ್ ಇದೆ" ಎನ್ನುತ್ತಾರೆ. ಅಷ್ಟನ್ನೇ ನಂಬಿ ಮುಂಗಡ ಕೊಡಬೇಡಿ. ನಾನು ಒಮ್ಮೆ ಕೊಟ್ಟೆ. ರ‍್ಯಾಂಪ್ ಇದ್ದದ್ದು ಹಿಂಬದಿಯಲ್ಲಿ, ಸಾಮಾನು ಇಳಿಸುವ ಬಾಗಿಲಿಗೆ. ಅಲ್ಲಿಂದ ಸುತ್ತಿಕೊಂಡು ಒಳಬಂದ ನಮ್ಮ ಮುಖ್ಯ ಅತಿಥಿಗೆ ವೇದಿಕೆಯ ಐದು ಮೆಟ್ಟಿಲುಗಳು ಎದುರಾದವು. ನಾಲ್ವರು ಹುಡುಗರು ಎತ್ತಿಕೊಳ್ಳಲು ಮುಂದಾದರು. ಅವರು ಬೇಡವೆಂದು ಕೆಳಗಿನಿಂದಲೇ ಮಾತನಾಡಿದರು. ಹಿಂದಿನ ಸಾಲುಗಳಿಗೆ ಅವರ ಮುಖವೇ ಕಾಣಲಿಲ್ಲ. ಅಂಗವಿಕಲರು ಕೇಳಲು ಬರುತ್ತಾರೆಂದು ಯೋಚಿಸಿದ್ದೆ, ವೇದಿಕೆಯ ಮೇಲಿಂದ ಮಾತನಾಡುತ್ತಾರೆಂದು ಯೋಚಿಸಿರಲಿಲ್ಲ. ಆ ನೋವು ಇಂದಿಗೂ ಇದೆ. ಅಂದಿನಿಂದ ನನ್ನ ಚೀಲದಲ್ಲಿ ಅಳತೆಯ ಟೇಪು ಇರುತ್ತದೆ.

ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರೊಬ್ಬರನ್ನು ಜೊತೆಗೆ ಕರೆದುಕೊಂಡು, ವಾಹನ ಇಳಿಯುವ ಜಾಗದಿಂದಲೇ ನೋಡುತ್ತಾ ಬನ್ನಿ. ಒಂದು ಅಡಿ ಎತ್ತರಕ್ಕೆ ರ‍್ಯಾಂಪ್ ಕನಿಷ್ಠ 12 ಅಡಿ ಉದ್ದವಿರಬೇಕು. ಮೂರೇ ಮೆಟ್ಟಿಲಿನ ಮೇಲೆ ಹಾಸಿದ ಹಲಗೆ ರ‍್ಯಾಂಪ್ ಅಲ್ಲ, ಅಪಾಯ. ಬಾಗಿಲನ್ನು ಪೂರ್ತಿ ತೆರೆದು, ಉಳಿಯುವ ಜಾಗವನ್ನು ಅಳೆಯಿರಿ. 90 ಸೆಂಟಿಮೀಟರ್ ಇದ್ದರೆ ನೆಮ್ಮದಿ. ಗಾಲಿಕುರ್ಚಿ ಒಂದು ಸುತ್ತು ತಿರುಗಲು ಸುಮಾರು 150 ಸೆಂಟಿಮೀಟರ್ ಬೇಕು. ಶೌಚಾಲಯವನ್ನು ನೀವೇ ಒಳಹೊಕ್ಕು ನೋಡಿ. ಬಾಗಿಲು ಒಳಕ್ಕೆ ತೆರೆದರೆ ಒಳಗಿನ ಜಾಗವನ್ನು ಅದೇ ತಿಂದುಹಾಕುತ್ತದೆ. ಆಸರೆಗೆಂದು ಗೋಡೆಗೆ ಹಾಕಿದ ಹಿಡಿಕೆ ಅಲುಗಾಡುತ್ತಿರಬಹುದು. ಪೊರಕೆ, ಬಕೆಟ್, ಮುರಿದ ಕುರ್ಚಿಗಳೆಲ್ಲ ಅಲ್ಲೇ ಸೇರಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಗಾಲಿಕುರ್ಚಿಯವರಿಗೆಲ್ಲ ಕೊನೆಯ ಸಾಲಿನ ಮೂಲೆಯನ್ನು ಬಿಡಬೇಡಿ. ಮುಂದೆ, ನಡುವೆ, ಹಿಂದೆ, ಹೀಗೆ ಅಲ್ಲಲ್ಲಿ ಕುರ್ಚಿ ತೆಗೆದು ಜಾಗ ಮಾಡಿ. ಪಕ್ಕದಲ್ಲೇ ಜೊತೆಗಾರರಿಗೆ ಒಂದು ಕುರ್ಚಿ ಇರಲಿ.

ಕಿವುಡರ ವಿಷಯದಲ್ಲಿ ಸಂಘಟಕರು ಎಡವುವುದೇ ಹೆಚ್ಚು. ಸನ್ನೆ ಭಾಷೆಯ ದುಭಾಷಿ ಒಬ್ಬರೇ ಸಾಕೆಂದುಕೊಳ್ಳುತ್ತಾರೆ. ಅದು ಮೈಮನಸ್ಸು ಎರಡನ್ನೂ ದಣಿಸುವ ಕೆಲಸ. ದೀರ್ಘ ಕಾರ್ಯಕ್ರಮಕ್ಕೆ ಇಬ್ಬರು ಬೇಕು, ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಬದಲಾಗಬೇಕು. ಭಾಷಣದ ಪ್ರತಿ, ಅತಿಥಿಗಳ ಹೆಸರುಗಳು ಅವರಿಗೆ ಮೊದಲೇ ತಲುಪಲಿ. ಪರದೆಯ ಮೇಲೆ ಚಿತ್ರ ತೋರಿಸಲು ದೀಪ ಆರಿಸಿದಾಗಲೂ ಅವರ ಕೈ, ಮುಖಗಳ ಮೇಲೆ ಬೆಳಕಿರಲಿ. ಕಿವಿ ಕೇಳದವರೆಲ್ಲರಿಗೂ ಸನ್ನೆ ಭಾಷೆ ಬರುವುದಿಲ್ಲ, ಹಾಗಾಗಿ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುವ ಏರ್ಪಾಡೂ ಬೇಕು. "ನನ್ನ ಧ್ವನಿ ದೊಡ್ಡದು, ಮೈಕ್ ಬೇಡ" ಎನ್ನುವ ಭಾಷಣಕಾರರಿಗೂ ಮೈಕ್ ಕೊಡಿ. ಸಭಾಂಗಣದ ಧ್ವನಿವ್ಯವಸ್ಥೆಯಿಂದ ನೇರವಾಗಿ ಶ್ರವಣ ಸಾಧನಕ್ಕೆ ಕೇಳಿಸಿಕೊಳ್ಳುವವರಿಗೆ ಮೈಕಿಗೆ ಬೀಳದ ಮಾತು ತಲುಪುವುದೇ ಇಲ್ಲ. ಸಭಿಕರ ಪ್ರಶ್ನೆಗಳಿಗೂ ಇದೇ ನಿಯಮ.

ದೃಷ್ಟಿಹೀನರಿಗೆ ಕಾರ್ಯಕ್ರಮದ ವಿವರವನ್ನು ಚಿತ್ರವಾಗಿ ಕಳಿಸಬೇಡಿ, ಅಕ್ಷರ ರೂಪದಲ್ಲೇ ಕಳಿಸಿ; ಅವರ ಮೊಬೈಲ್ ಅದನ್ನು ಓದಿ ಹೇಳುತ್ತದೆ. ಸ್ವಯಂಸೇವಕರು ಅವರ ಕೈ ಹಿಡಿದು ಎಳೆಯಬಾರದು. ಮೊದಲು ಕೇಳಿ, ಒಪ್ಪಿದರೆ ತಮ್ಮ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಡಬೇಕು. ಗದ್ದಲ ಸಹಿಸಲಾಗದವರಿಗೆ ಒಂದು ಶಾಂತವಾದ ಕೋಣೆ ಇರಲಿ. ಮಿನುಗುವ ದೀಪಗಳು ಬೇಡ, ಅಪಸ್ಮಾರವಿರುವ ಕೆಲವರಿಗೆ ಅವುಗಳಿಂದ ಸೆಳೆತ ಬರಬಹುದು.

ಇಷ್ಟೆಲ್ಲ ಊಹಿಸಿ ಮಾಡುವ ಮೊದಲು ಕೇಳಿ. ನೋಂದಣಿ ಅರ್ಜಿಯಲ್ಲಿ "ನೀವು ಪೂರ್ಣವಾಗಿ ಭಾಗವಹಿಸಲು ನಾವು ಏನು ಸಿದ್ಧಪಡಿಸಬೇಕು?" ಎಂಬ ಒಂದು ಸಾಲು ಸಾಕು. ಯಾವ ಅಂಗವೈಕಲ್ಯ ಎಂದು ಕೇಳುವ ಅಗತ್ಯವೂ ಇಲ್ಲ, ಹಕ್ಕೂ ಇಲ್ಲ. ಇದರ ಖರ್ಚನ್ನು ಮೊದಲ ದಿನವೇ ಆಯವ್ಯಯದಲ್ಲಿ ಬರೆದುಬಿಡಿ; ಕೊನೆಗೆ ಉಳಿದರೆ ನೋಡೋಣ ಎಂದರೆ ಉಳಿಯುವುದಿಲ್ಲ.

ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಆದ್ದರಿಂದ ನಾನು ನೆಲಮಹಡಿಯನ್ನೇ ಹುಡುಕುತ್ತೇನೆ. ಸಿಗದಿದ್ದರೆ ಗಾಲಿಕುರ್ಚಿಯವರನ್ನು ಯಾರು, ಯಾವ ದಾರಿಯಿಂದ, ಹೇಗೆ ಹೊರತರಬೇಕೆಂದು ಅವರನ್ನೇ ಕೇಳಿ ನಿರ್ಧರಿಸುತ್ತೇನೆ. ಹಿಂದಿನ ಸಂಜೆ ಎಲ್ಲ ಸಿದ್ಧವಾದ ಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಿರಿ. ಅಳೆದಾಗ 90 ಇದ್ದ ಬಾಗಿಲ ಮುಂದೆ ಯಾರೋ ಹೂಕುಂಡ ಇಟ್ಟಿರುತ್ತಾರೆ.